ಊರ ಜಮೀನು, ಊರ ಬೇಸಾಯ

ಊರಿಗೆ ಸೇರಿದ ಜಮೀನು ಎಂದ ಕೂಡಲೆ ನಿಮ್ಮ ಕಣ್ಣ ಮುಂದೆ ಏನು ಬಂದು ನಿಲ್ಲುತ್ತದೆ? ಪುರಸಭೆಯ ಉದ್ಯಾನ, ಮಕ್ಕಳ ಆಟದ ಬಯಲು, ಸಂತೆಯ ಮೈದಾನ. ಹೆಚ್ಚೆಂದರೆ ಮುಳ್ಳುತಂತಿ ಬಿಗಿದು, ಒಳಗೆ ಬಂದವರಿಗೆ ಶಿಕ್ಷೆಯಾಗುವುದೆಂದು ಹಲಗೆ ತಗಲಿಸಿದ ಒಂದು ಖಾಲಿ ಜಾಗ. ಅಂಥ ಜಮೀನನ್ನು ಉಳುತ್ತಾರೆ, ಬಿತ್ತುತ್ತಾರೆ, ಬೆಳೆದ ಸೊಪ್ಪು ತರಕಾರಿಗಳನ್ನು ಊರಿನವರೇ ಬಂದು ಕೊಂಡೊಯ್ಯುತ್ತಾರೆ, ಒಂದು ಪಾಲು ಹಸಿದವರ ಮನೆಗೆ ಹೋಗುತ್ತದೆ, ಈ ವ್ಯವಹಾರದ ಲಾಭ ಮಾತ್ರ ಯಾರೊಬ್ಬನ ಜೇಬಿಗೂ ಇಳಿಯುವುದಿಲ್ಲ ಎಂದರೆ ನಂಬುವುದು ಸ್ವಲ್ಪ ಕಷ್ಟವೇ. ಆದರೂ ಅಂಥ ಬೇಸಾಯ ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೆಲವು ಊರುಗಳಲ್ಲಿ ಐವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಅದು ಹೇಗೆ ನಡೆಯುತ್ತದೆ, ಹಣ ಎಲ್ಲಿಂದ ಬರುತ್ತದೆ, ಜಗಳ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಈ ಕಥೆಗೆ ನಾವು ಆರಿಸಿಕೊಂಡಿರುವ ಊರು ವೆಸ್ಟನ್. ಬಾಸ್ಟನ್ ಮಹಾನಗರದಿಂದ ಪಶ್ಚಿಮಕ್ಕೆ ಸುಮಾರು ೧೫ ಮೈಲಿ. ಜನಸಂಖ್ಯೆ ಹನ್ನೊಂದು ಹನ್ನೆರಡು ಸಾವಿರದ ಆಸುಪಾಸು. ಬಡವರ ಊರೆಂದು ತಿಳಿಯಬೇಡಿ. ಇಡೀ ಸಂಸ್ಥಾನದಲ್ಲೇ ಅತಿ ಶ್ರೀಮಂತ ಊರುಗಳ ಸಾಲಿಗೆ ಸೇರಿದ್ದು. ಬೆಳಿಗ್ಗೆ ಎದ್ದು ಕಾರಿನಲ್ಲಿ ನಗರಕ್ಕೆ ಹೋಗಿ ದುಡಿದು ಸಂಜೆ ಹಿಂತಿರುಗುವವರು ಇಲ್ಲಿನ ನಿವಾಸಿಗಳು. ಇಂಥವರಿಗೆ ಬೇಸಾಯದ ಗೊಡವೆ ಏಕೆ ಬಂತು? ಅದನ್ನು ಹೇಳಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಇಂಗ್ಲೆಂಡಿನಿಂದ ವಲಸೆ ಹೋದವರು ಹದಿನೇಳನೆಯ ಶತಮಾನದಲ್ಲಿ ಆ ಸೀಮೆಯಲ್ಲಿ ಊರು ಕಟ್ಟಿದಾಗ, ಮನೆಮನೆಗೆ ಹೊಲ ಹಂಚಿದ್ದರ ಜೊತೆಗೆ ಎಲ್ಲರ ದನ ಮೇಯುವುದಕ್ಕೆ ಒಂದಿಷ್ಟು ನೆಲವನ್ನು ಸಾಮೂಹಿಕವಾಗಿ ಬಿಟ್ಟರು. ನಮ್ಮ ಗೋಮಾಳವನ್ನು ನೆನೆದರೆ ಸಾಕು. ಬಾಸ್ಟನ್ ನಗರದ ನಟ್ಟನಡುವೆ ಇರುವ ‘ಕಾಮನ್’ ಎಂಬ ಉದ್ಯಾನ ೧೬೩೪ರಲ್ಲಿ ಹೀಗೆ ಊರೊಟ್ಟಿನ ಹುಲ್ಲುಗಾವಲಾಗಿ ಹುಟ್ಟಿದ್ದು. ೧೮೩೦ರಲ್ಲಿ ಅಲ್ಲಿ ದನ ಬಿಡಕೂಡದೆಂದು ಕಟ್ಟಾಜ್ಞೆಯಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆ ಸಂಸ್ಥಾನದ ಅರ್ಧಕ್ಕಿಂತ ಹೆಚ್ಚು ನೆಲದ ಕಾಡು ಕಡಿದು ಹೊಲವೂ ಹುಲ್ಲುಗಾವಲೂ ಆಗಿತ್ತು. ಆಮೇಲೆ ರೈಲು ಬಂತು. ಪಶ್ಚಿಮದ ವಿಶಾಲ ಬಯಲಿನಲ್ಲಿ ಬೆಳೆದ ಅಗ್ಗದ ಧಾನ್ಯ ರೈಲಿನಲ್ಲಿ ಬಂದು ಸುರಿಯಿತು. ಕಲ್ಲುನೆಲದಲ್ಲಿ ಹೆಣಗುತ್ತಿದ್ದ ರೈತರ ಮಕ್ಕಳು ಗಿರಣಿಗೆ ಹೋದರು, ಇಲ್ಲವೇ ಅದೇ ರೈಲು ಹತ್ತಿ ಪಶ್ಚಿಮಕ್ಕೆ ಹೋದರು. ಬಿಟ್ಟ ಹೊಲದಲ್ಲಿ ತಾನಾಗಿಯೇ ಮರ ಎದ್ದಿತು. ಇಂದು ಆ ಸಂಸ್ಥಾನದ ಅರ್ಧಕ್ಕೂ ಹೆಚ್ಚು ನೆಲ ಮತ್ತೆ ಕಾಡು. ಆ ಕಾಡಿನೊಳಗೆ ನಡೆದು ಹೋದರೆ ಮರಗಳ ನಡುವೆ ಮೊಣಕಾಲೆತ್ತರದ ಕಲ್ಲುಗೋಡೆಗಳು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತವೆ. ಒಂದು ಕಾಲಕ್ಕೆ ಹೊಲದ ಬದುಗಳಾಗಿದ್ದವು ಅವು.

ಎರಡನೆಯ ಮಹಾಯುದ್ಧದ ನಂತರ ಮತ್ತೊಂದು ಅಲೆ ಬಂತು. ಈ ಸಲ ಮನೆಗಳ ಅಲೆ. ೧೯೫೭ರಲ್ಲಿ ಟರ್ನ್‌ಪೈಕ್ ಎಂಬ ದೊಡ್ಡ ಸುಂಕದ ಹೆದ್ದಾರಿ ಪಶ್ಚಿಮದಿಂದ ವೆಸ್ಟನ್ ತನಕ ಬಂದು ಮುಟ್ಟಿತು. ಅದೇ ವರ್ಷ ಸಂಸ್ಥಾನದ ಶಾಸನಸಭೆ ಒಂದು ಕಾನೂನು ಮಾಡಿತು: ಪ್ರತಿಯೊಂದು ಊರೂ ಬಯಸಿದರೆ ಭೂಸಂರಕ್ಷಣಾ ಸಮಿತಿಯೊಂದನ್ನು ನೇಮಿಸಿಕೊಂಡು, ಊರಿನ ಹಣದಿಂದ ಬಯಲು, ಕಾಡು, ಜೌಗುಗಳನ್ನು ಕೊಂಡು ಉಳಿಸಿಕೊಳ್ಳಬಹುದು. ಹೆದ್ದಾರಿಯೂ ಕಾನೂನೂ ಒಂದೇ ವರ್ಷ ಬಂದದ್ದು ಕಾಕತಾಳೀಯವಿರಬಹುದು. ಆದರೆ ಒಂದರಿಂದ ಹುಟ್ಟಿದ ಭಯಕ್ಕೆ ಇನ್ನೊಂದು ಮದ್ದಾಯಿತು. ಮುಂದಿನ ವರ್ಷಗಳಲ್ಲಿ ವೆಸ್ಟನ್ ಊರು ತುಂಡು ತುಂಡಾಗಿ ಕೊಂಡ ನೆಲ ಒಂದೂವರೆ ಸಾವಿರ ಎಕರೆಯನ್ನೂ ಮೀರಿತು.

ಕೊಂಡದ್ದಾಯಿತು. ಕೊಂಡ ಮೇಲೆ ಏನು ಮಾಡುವುದು? ಇಲ್ಲಿಯೇ ನಮ್ಮ ವಿಷಯ ಆರಂಭವಾಗುವುದು. ಸಂರಕ್ಷಣೆ ಎಂದರೆ ಮುಟ್ಟದೆ ಬಿಡುವುದು ಎಂದು ಆಗ ಬಹಳ ಮಂದಿ ತಿಳಿದಿದ್ದರು. ಮುಟ್ಟದೆ ಬಿಟ್ಟ ಹೊಲ ಹೊಲವಾಗಿ ಉಳಿಯುವುದಿಲ್ಲ. ಆ ಸೀಮೆಯಲ್ಲಿ ಎರಡು ಮೂರು ವರ್ಷ ಕುಡುಗೋಲು ಕಾಣದ ಬಯಲಿನಲ್ಲಿ ಮುಳ್ಳುಪೊದೆ ಏಳುತ್ತದೆ, ಹತ್ತು ವರ್ಷಕ್ಕೆ ಎಳೆಯ ಮರ. ನೋಡಿ ಸಂತೋಷಪಡಲೆಂದು ಬಯಲನ್ನು ಕೊಂಡವರು, ಅದು ಕಣ್ಣೆದುರೇ ಮಾಯವಾಗುವುದನ್ನು ನೋಡಬೇಕಾಗಿ ಬಂತು.

೧೯೭೦ರಲ್ಲಿ ಬಿಲ್ ಮೆಕೆಲ್ವೇನ್ ಎಂಬಾತ ವೆಸ್ಟನ್ನಿನ ಪಾಳುಬಿದ್ದ ಹೊಲಗಳಲ್ಲಿ ತರಕಾರಿ ಬೆಳೆಯತೊಡಗಿದ. ದುಡಿಮೆಗೆ ಬಂದವರು ಊರಿನ ಹುಡುಗ ಹುಡುಗಿಯರು. ಬೆಳೆ ಹೋದದ್ದು ಬಾಸ್ಟನ್ನಿನ ರಾಕ್ಸ್‌ಬರಿ ಮೊದಲಾದ ಬಡ ಬಡಾವಣೆಗಳಿಗೆ, ಅತಿ ಕಡಿಮೆ ಬೆಲೆಗೆ. ಆ ಯೋಜನೆಗೆ ‘ಗ್ರೀನ್ ಪವರ್’, ಎಂದರೆ ಹಸುರಿನ ಬಲ, ಎಂದು ಹೆಸರಿಟ್ಟರು. ಒಂದು ಕಡೆ ಸಿರಿವಂತರ ಮಕ್ಕಳು, ಕೈಗೆ ಮಣ್ಣು ತಾಗಿಸಿಕೊಳ್ಳದೆ ಬೆಳೆದವರು; ಇನ್ನೊಂದು ಕಡೆ ತಾಜಾ ತರಕಾರಿಯ ಮುಖ ಕಾಣದ ಕಪ್ಪು ಜನರ ಕೇರಿಗಳು; ನಡುವೆ ಪಾಳುಬಿದ್ದ ನೆಲ. ಮೂರನ್ನೂ ಒಂದು ದಾರದಲ್ಲಿ ಪೋಣಿಸಬಹುದೆಂದು ಆತನಿಗೆ ಹೊಳೆದದ್ದೇ ದೊಡ್ಡ ಮಾತು. ಊರಿನ ತರುಣರ ಸಮಿತಿ ಆತನ ಬೆನ್ನಿಗೆ ನಿಂತಿತು.

ಹತ್ತು ವರ್ಷದ ಮೇಲೆ, ೧೯೮೦ರಲ್ಲಿ, ಈ ಕೆಲಸ ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ ಮಾತ್ರ ನಿಲ್ಲಬಾರದೆಂದು ‘ಲ್ಯಾಂಡ್ಸ್ ಸೇಕ್’ ಎಂಬ ಸಂಸ್ಥೆ ಸ್ಥಾಪನೆಯಾಯಿತು. ನೆಲದ ಸಲುವಾಗಿ ಎಂದು ಆ ಹೆಸರಿನ ಅರ್ಥ. ಆ ಸೀಮೆಯ ಹಳಬರು ಬೆರಗಾದಾಗ, ನಾವು ‘ಅಯ್ಯೋ ಶಿವನೇ’ ಎನ್ನುವ ಹಾಗೆ, ಇದನ್ನೇ ಉದ್ಗಾರವಾಗಿಯೂ ಬಳಸುತ್ತಿದ್ದರು. ಹೆಸರಿಟ್ಟವರಿಗೆ ಆ ಹಾಸ್ಯವೂ ಬೇಕಾಗಿತ್ತೆಂದು ತೋರುತ್ತದೆ. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಬ್ರಯನ್ ಡಾನಹ್ಯೂ ಮುಂದೆ ಬ್ರಾಂಡೈಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿ, ೧೯೯೯ರಲ್ಲಿ ಈ ಊರ ಬೇಸಾಯದ ಕುರಿತೇ ಒಂದು ಗ್ರಂಥ ಬರೆದ. ಪಕ್ಕದ ಲಿಂಕನ್ ಊರಿನಲ್ಲಿ ಕಾಡ್‌ಮನ್ ಸಮುದಾಯ ತೋಟ ೧೯೭೩ರಲ್ಲಿಯೂ, ನೇಟಿಕ್ ಊರಿನಲ್ಲಿ ಇನ್ನೊಂದು ೧೯೭೫ರಲ್ಲಿಯೂ ಆರಂಭವಾಗಿದ್ದುವು. ಒಂದೊಂದರ ರೀತಿ ಒಂದೊಂದು. ವೆಸ್ಟನ್ ತರಕಾರಿಯ ಕಡೆ ವಾಲಿದರೆ, ಲಿಂಕನ್ ದನಕರು ಮತ್ತು ಒಣಹುಲ್ಲಿನ ಕಡೆ. ಊರಿಗೆ ಸೇರಿದ ಹುಲ್ಲುಗಾವಲುಗಳನ್ನು ಕೊಯ್ದು ಒಣಗಿಸಿ ಕಟ್ಟು ಕಟ್ಟುವುದರಿಂದ ದನಕ್ಕೆ ಮೇವೂ ಆಯಿತು, ಬಯಲು ಬಯಲಾಗಿಯೇ ಉಳಿಯಿತು.

ಈಗ ವ್ಯವಸ್ಥೆಯನ್ನು ನೋಡೋಣ. ನೆಲದ ಒಡೆತನ ಊರಿನದು. ಅದನ್ನು ನೋಡಿಕೊಳ್ಳುವ ಹೊಣೆ ಭೂಸಂರಕ್ಷಣಾ ಸಮಿತಿಯದು. ಉಳುವ ಹಕ್ಕನ್ನು ಮಾತ್ರ ಒಪ್ಪಂದದ ಮೂಲಕ ಸಂಸ್ಥೆಗೆ ಕೊಟ್ಟಿರುತ್ತಾರೆ. ಊರಾಡಳಿತವೇ ನೇರವಾಗಿ ಬೇಸಾಯ ಮಾಡಬಾರದೇಕೆ ಎಂದು ನೀವು ಕೇಳಬಹುದು. ಮಾಡಬಹುದು; ಆದರೆ ಸೌತೆಕಾಯಿ ಕಡತಕ್ಕಾಗಿ ಕಾಯುವುದಿಲ್ಲ. ಮಳೆ ಬರುವ ಮುನ್ನಾದಿನ ಸಸಿ ನೆಡಲು ನಾಲ್ಕು ಆಳು ಬೇಕೆಂದರೆ ಅಂದೇ ಬೇಕು. ಅರ್ಜಿ, ಟಿಪ್ಪಣಿ, ಮಂಜೂರಾತಿ ಎಂದು ಹೊರಟರೆ ಸಸಿ ಬಾಡಿರುತ್ತದೆ. ಹಾಗಾದರೆ ಒಬ್ಬ ಖಾಸಗಿ ರೈತನಿಗೆ ಗುತ್ತಿಗೆ ಕೊಟ್ಟುಬಿಡಬಾರದೇಕೆ? ಕೊಡಬಹುದು, ಹಲವು ಊರುಗಳು ಕೊಟ್ಟಿವೆ. ಆದರೆ ಅವನು ಹೊಟ್ಟೆಪಾಡಿಗೆ ಬೆಳೆಯಬೇಕಾದವನು. ಶಾಲೆಯ ಮಕ್ಕಳಿಗೆ ಕಳೆ ಕೀಳುವುದನ್ನು ಕಲಿಸುತ್ತಾ ನಿಲ್ಲು, ದಾರಿಹೋಕರಿಗೆ ಹೊಲದ ನಡುವೆ ಕಾಲುದಾರಿ ಬಿಡು, ಒಂದು ಪಾಲನ್ನು ಬಡವರಿಗೆ ಕೊಡು ಎಂದು ಅವನಿಗೆ ಹೇಳುವುದು ನ್ಯಾಯವಲ್ಲ. ಈ ಎರಡು ತುದಿಗಳ ನಡುವೆ ನಿಂತದ್ದು ಲಾಭಕ್ಕಲ್ಲದ ಸಂಸ್ಥೆ.

ಲಾಭಕ್ಕಲ್ಲದ ಎಂಬ ಮಾತನ್ನು ಜನ ತಪ್ಪಾಗಿ ತಿಳಿಯುವುದುಂಟು. ಅಂಥ ಸಂಸ್ಥೆ ಹಣ ಸಂಪಾದಿಸಕೂಡದೆಂದಲ್ಲ. ತರಕಾರಿ ಮಾರಬಹುದು, ವರ್ಷದ ಕೊನೆಗೆ ಮಿಗಿತಾಯವೂ ಉಳಿಯಬಹುದು. ಉಳಿದದ್ದನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಅಷ್ಟೆ. ಅದು ಮತ್ತೆ ಸಂಸ್ಥೆಯ ಉದ್ದೇಶಕ್ಕೇ ವೆಚ್ಚವಾಗಬೇಕು. ತೋಟದ ಮೇಲ್ವಿಚಾರಕನಿಗೂ ಆಳುಗಳಿಗೂ ಸಂಬಳ ಉಂಟು. ಆಡಳಿತ ಮಂಡಲಿಯ ಸದಸ್ಯರಿಗೆ ಇಲ್ಲ. ಅವರು ಊರಿನ ವಕೀಲರು, ಲೆಕ್ಕಿಗರು, ಅಧ್ಯಾಪಕರು, ಬಿಡುವಾದ ಗೃಹಿಣಿಯರು. ಅಮೆರಿಕದ ತೆರಿಗೆ ಕಾನೂನಿನ ಪ್ರಕಾರ ಇಂಥ ಸಂಸ್ಥೆಗೆ ದಾನ ಕೊಟ್ಟವನು ತನ್ನ ವರಮಾನದ ಲೆಕ್ಕದಲ್ಲಿ ಅದನ್ನು ಕಳೆದುಕೊಳ್ಳಬಹುದಾದ್ದರಿಂದ ದಾನಿಗಳಿಗೂ ಅಷ್ಟಿಷ್ಟು ಹುರುಪು.

ಇದೆಲ್ಲಕ್ಕೂ ಮೇಲೆ ಊರ ಮಹಾಸಭೆ ಇದೆ. ನ್ಯೂ ಇಂಗ್ಲೆಂಡ್ ಸೀಮೆಯ ಚಿಕ್ಕ ಊರುಗಳಲ್ಲಿ ಇಂದಿಗೂ ಆಯವ್ಯಯವನ್ನು ಮತದಾರರೇ ಒಂದೆಡೆ ನೆರೆದು, ಎದ್ದು ನಿಂತು ಮಾತನಾಡಿ, ಕೈಯೆತ್ತಿ ತೀರ್ಮಾನಿಸುತ್ತಾರೆ. ಶಾಲೆಗೆ ಎಷ್ಟು, ರಸ್ತೆಗೆ ಎಷ್ಟು, ಹೊಲ ಕೊಳ್ಳುವುದಕ್ಕೆ ಎಷ್ಟು ಎಂಬುದೆಲ್ಲ ಅಲ್ಲಿಯೇ. ಒಮ್ಮೆ ಸಂರಕ್ಷಣೆಗೆಂದು ಕೊಂಡ ನೆಲವನ್ನು ಬೇರೆ ಕೆಲಸಕ್ಕೆ ತಿರುಗಿಸುವುದು ಸುಲಭವಲ್ಲ: ೧೯೭೨ರಲ್ಲಿ ಸಂಸ್ಥಾನದ ಸಂವಿಧಾನಕ್ಕೆ ಸೇರಿಸಿದ ೯೭ನೆಯ ವಿಧಿಯಂತೆ ಅದಕ್ಕೆ ಶಾಸನಸಭೆಯ ಎರಡು ಮನೆಗಳಲ್ಲೂ ಮೂರರಲ್ಲಿ ಎರಡು ಪಾಲಿನ ಬಹುಮತ ಬೇಕು. ೨೦೦೦ದಲ್ಲಿ ಬಂದ ಇನ್ನೊಂದು ಕಾನೂನು, ಊರಿನವರು ಒಪ್ಪಿದರೆ ಮನೆಗಂದಾಯದ ಮೇಲೆ ನೂರಕ್ಕೆ ೩ರವರೆಗೆ ಮೇಲ್ತೆರಿಗೆ ಹಾಕಿ, ಬಯಲು ಕೊಳ್ಳಲು, ಹಳೆಯ ಕಟ್ಟಡ ಉಳಿಸಲು, ಸಾಮಾನ್ಯರಿಗೆ ಮನೆ ಕಟ್ಟಲು ಬಳಸಲು ಅವಕಾಶ ಕೊಟ್ಟಿತು. ಕಾನೂನಿನ ಬೇಲಿ ಗಟ್ಟಿಯಾಗಿದೆ. ಆದರೆ ಬೇಲಿ ನೆಲವನ್ನು ಕಾಯುತ್ತದೆಯೇ ಹೊರತು ಬೇಸಾಯವನ್ನು ಕಾಯುವುದಿಲ್ಲ. ಬೇಸಾಯ ನಡೆಯಬೇಕಾದರೆ ಲೆಕ್ಕ ಸರಿದೂಗಬೇಕು.

ಲೆಕ್ಕದ ಮಾತಿಗೆ ಬಂದೆವು. ವೆಸ್ಟನ್ನಿನಂಥ ತೋಟಕ್ಕೆ ವರಮಾನದ ಬಾಗಿಲು ಹಲವಾರು. ಮೊದಲನೆಯದು ಹೊಲದ ಮುಂದಿನ ಅಂಗಡಿ. ಬೆಳೆದದ್ದನ್ನು ಸಗಟು ವ್ಯಾಪಾರಿಗೆ ಹಾಕಿದರೆ ರೈತನ ಕೈಗೆ ಬರುವುದು ಬೆಲೆಯ ಒಂದು ಚೂರು. ತಿನ್ನುವವನೇ ಹೊಲಕ್ಕೆ ಬಂದರೆ ಪೂರಾ ಬೆಲೆ. ಊರಿನ ನಡುವೆ ಇರುವ ಹೊಲಕ್ಕೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಎರಡನೆಯದು ನೀವೇ ಕೀಳಿ ಎಂಬ ಪದ್ಧತಿ. ಸ್ಟ್ರಾಬೆರಿ ಹಣ್ಣನ್ನು ಬೆಳೆಯುವುದಕ್ಕಿಂತ ಬಿಡಿಸುವುದು ದೊಡ್ಡ ಖರ್ಚು; ಬೆನ್ನು ಬಗ್ಗಿಸಿ ಒಂದೊಂದಾಗಿ ಕೀಳಬೇಕು. ಆ ಕೆಲಸವನ್ನು ಗಿರಾಕಿಗಳಿಗೇ ಬಿಟ್ಟುಕೊಟ್ಟರೆ? ಮಕ್ಕಳೊಡನೆ ಬಂದು, ಅರ್ಧ ತಿಂದು ಅರ್ಧ ಬುಟ್ಟಿಗೆ ಹಾಕಿ, ಬುಟ್ಟಿಯದಕ್ಕೆ ಹಣ ಕೊಟ್ಟು ಸಂತೋಷದಿಂದ ಹೋಗುತ್ತಾರೆ. ಜೂನ್ ತಿಂಗಳಿನ ಆ ಮೂರು ನಾಲ್ಕು ವಾರಕ್ಕಾಗಿ ಸಸಿಯನ್ನು ಹಿಂದಿನ ವರ್ಷದ ವಸಂತದಲ್ಲಿಯೇ ನೆಟ್ಟು, ಆ ವರ್ಷ ಬಿಟ್ಟ ಹೂವನ್ನೆಲ್ಲ ಚಿವುಟಿ ಹಾಕಿರಬೇಕು, ಬಳ್ಳಿ ಬಲಿಯಲೆಂದು. ರಾಸ್ಪ್‌ಬೆರಿಗೂ ಹೂವಿಗೂ ಇದೇ ಏರ್ಪಾಡು.

ಮೂರನೆಯದು ಪಾಲುದಾರಿಕೆ. ೧೯೮೬ರಲ್ಲಿ ಇದೇ ಮ್ಯಾಸಚೂಸೆಟ್ಸಿನ ಪಶ್ಚಿಮ ಅಂಚಿನ ಇಂಡಿಯನ್ ಲೈನ್ ಎಂಬ ಹೊಲದಲ್ಲಿಯೂ, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಇನ್ನೊಂದು ಹೊಲದಲ್ಲಿಯೂ ಅಮೆರಿಕಕ್ಕೆ ಹೊಸದಾದ ಒಂದು ಕ್ರಮ ಆರಂಭವಾಯಿತು. ಬಿತ್ತನೆಗೆ ಮೊದಲೇ ಮನೆಯವರು ಇಡೀ ಋತುವಿನ ಹಣ ಕಟ್ಟುತ್ತಾರೆ. ಆಮೇಲೆ ವಾರ ವಾರವೂ ಹೊಲದಲ್ಲಿ ಏನು ಬಂತೋ ಅದರಲ್ಲಿ ತಮ್ಮ ಪಾಲು ಒಯ್ಯುತ್ತಾರೆ. ಟೊಮೇಟೊಗೆ ರೋಗ ಬಂದರೆ ಟೊಮೇಟೊ ಇಲ್ಲ, ಕುಂಬಳ ಹುಚ್ಚೆದ್ದು ಬಿಟ್ಟರೆ ವಾರಕ್ಕೆರಡು ಕುಂಬಳ. ಬೀಜಕ್ಕೂ ಸಂಬಳಕ್ಕೂ ಹಣ ಬೇಕಾಗುವುದು ಏಪ್ರಿಲಿನಲ್ಲಿ, ಬೆಳೆ ಹಣವಾಗುವುದು ಆಗಸ್ಟಿನಲ್ಲಿ. ಈ ನಾಲ್ಕು ತಿಂಗಳ ಕಂದಕವೇ ಎಷ್ಟೋ ರೈತರನ್ನು ನುಂಗಿರುವುದು. ಅದನ್ನು ಬಡ್ಡಿಯಿಲ್ಲದೆ ದಾಟಿಸುವ ಈ ಉಪಾಯ ಬಹುಬೇಗ ಹರಡಿತು. ಸಮುದಾಯ ತೋಟಗಳಿಗಂತೂ ಹೇಳಿ ಮಾಡಿಸಿದ ಹಾಗಿತ್ತು.

ಇಷ್ಟಾದರೂ ತರಕಾರಿಯೊಂದರಿಂದಲೇ ಸಂಸಾರ ಸಾಗುವುದಿಲ್ಲ. ಅಲ್ಲಿ ಹಿಮ ಬೀಳದ ಕಾಲ ವರ್ಷಕ್ಕೆ ಐದು ತಿಂಗಳು ಮಾತ್ರ. ಉಳಿದ ದಿನ ಏನು ಮಾಡುವುದು? ಚಳಿಗಾಲ ಮುಗಿಯುವ ಹೊತ್ತಿಗೆ ಬರುವ ಒಂದು ಬೆಳೆಯ ವಿಷಯ ಹೇಳಲೇಬೇಕು. ಅದು ನಮಗೆ ಅಪರಿಚಿತವಾದದ್ದೂ ಹೌದು, ಸೋಜಿಗವಾದದ್ದೂ ಹೌದು. ಅದು ಮೇಪಲ್ ಮರದ ಪಾಕ.

ಫೆಬ್ರವರಿ, ಮಾರ್ಚಿಯಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಬಿಸಿಲು ಬಂದು ಮಂಜು ಕರಗುವಷ್ಟು ಕಾವು ಇರುವ ಕೆಲವು ವಾರಗಳುಂಟು. ಆಗ ಸಕ್ಕರೆ ಮೇಪಲ್ ಮರದ ಕಾಂಡದೊಳಗೆ ರಸ ಹರಿದಾಡುತ್ತದೆ. ಹತ್ತು ಹನ್ನೆರಡು ಅಂಗುಲ ದಪ್ಪದ ಮರಕ್ಕೆ ಸಣ್ಣದೊಂದು ತೂತು ಕೊರೆದು, ನಳಿಕೆ ಸಿಕ್ಕಿಸಿ, ಬಕೆಟ್ಟು ತೂಗುಹಾಕುತ್ತಾರೆ. ನಮ್ಮಲ್ಲಿ ಈಚಲು ಮರಕ್ಕೆ ಗಡಿಗೆ ಕಟ್ಟಿದಂತೆ ಎನ್ನಿ. ತೊಟ್ಟಿಕ್ಕುವ ರಸ ನೋಡಲು ನೀರೇ. ಬಾಯಿಗೆ ಹಾಕಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಸಿಹಿ, ನೂರಕ್ಕೆ ಎರಡು ಪಾಲು ಸಕ್ಕರೆ. ಇದನ್ನು ಅಗಲವಾದ ಬಾಣಲೆಯಲ್ಲಿ ಕುದಿಸಿ ಕುದಿಸಿ, ಸಕ್ಕರೆ ನೂರಕ್ಕೆ ೬೬ ಪಾಲು ಆಗುವವರೆಗೆ ಬತ್ತಿಸಬೇಕು. ಸುಮಾರು ೪೦ ಗ್ಯಾಲನ್ ರಸಕ್ಕೆ ಒಂದು ಗ್ಯಾಲನ್ ಪಾಕ. ಒಂದು ತೂತಿನಿಂದ ಇಡೀ ಋತುವಿನಲ್ಲಿ ಹತ್ತು ಗ್ಯಾಲನ್ ರಸ ಸಿಕ್ಕಿದರೆ, ಪಾಕ ಕಾಲು ಗ್ಯಾಲನ್ ಮಾತ್ರ. ನಮ್ಮ ಕಡೆಯ ಆಲೆಮನೆ ಕಂಡವರಿಗೆ ಆ ಹಬೆ, ಆ ಘಮ, ಒಲೆಯ ಮುಂದೆ ರಾತ್ರಿ ಕಳೆಯುವ ಆ ಸಡಗರ ಹೊಸದೇನಲ್ಲ. ಹೊಸದೆಂದರೆ ಸುತ್ತಲೂ ಹಿಮ ಬಿದ್ದಿರುವುದು.

ವೆಸ್ಟನ್ನಿನಲ್ಲಿ ಈ ಪಾಕದ ಮನೆ ಇರುವುದು ಮಾಧ್ಯಮಿಕ ಶಾಲೆಯ ಪಕ್ಕದಲ್ಲೇ. ಮಕ್ಕಳು ಬಕೆಟ್ಟು ಹೊತ್ತು ತಂದು ಸುರಿದದ್ದನ್ನು ಅದೇ ಮಕ್ಕಳ ತಾಯಂದಿರು ಸೀಸೆಗೆ ಇಷ್ಟೆಂದು ಕೊಟ್ಟು ಕೊಳ್ಳುತ್ತಾರೆ. ಇದರ ಗೂಢ ಇನ್ನೂ ಒಂದಿದೆ. ಪಾಕಕ್ಕೆ ಸೌದೆ ಬೇಕು. ಸೌದೆ ಬೇಕಾದರೆ ಮರ ಕಡಿಯಬೇಕು. ಊರಿಗೆ ಸೇರಿದ ಕಾಡಿನಲ್ಲಿ, ಒತ್ತಾಗಿ ಬೆಳೆದು ಒಂದರ ಬೆಳಕನ್ನೊಂದು ಕಸಿಯುವ ಮರಗಳಲ್ಲಿ ದುರ್ಬಲವಾದುವನ್ನು ತೆಗೆದರೆ ಉಳಿದವು ನೆಟ್ಟಗೆ ಬೆಳೆಯುತ್ತವೆ. ಹೀಗೆ ಕಡಿದದ್ದರಲ್ಲಿ ಒಳ್ಳೆಯದು ದಿಮ್ಮಿಗೆ, ಉಳಿದದ್ದು ಊರಿನ ಮನೆಗಳ ಅಗ್ಗಿಷ್ಟಿಕೆಗೆ, ಪಾಕದ ಒಲೆಗೆ. ಆರಂಭದ ದಶಕಗಳಲ್ಲಿ ಲ್ಯಾಂಡ್ಸ್ ಸೇಕ್ ಚಳಿಗಾಲದಲ್ಲಿ ಈ ಕೆಲಸದಿಂದಲೇ ತನ್ನ ಆಳುಗಳನ್ನು ಉಳಿಸಿಕೊಂಡಿತು.

ಮರ ಕಡಿಯುವ ಮಾತು ಬಂದೊಡನೆ ಜಗಳವೂ ಬಂತೆಂದು ತಿಳಿಯಿರಿ. ಊರೊಟ್ಟಿನ ನೆಲ ಎಂದರೆ ಊರಿನವರೆಲ್ಲರೂ ಅದಕ್ಕೆ ಯಜಮಾನರು. ಒಬ್ಬರಿಗೆ ನಾಯಿಯನ್ನು ಅಡ್ಡಾಡಿಸಲು ದಾರಿ ಬೇಕು. ಇನ್ನೊಬ್ಬರಿಗೆ ಹಕ್ಕಿ ನೋಡಲು ನಿಶ್ಶಬ್ದ ಬೇಕು. ಮತ್ತೊಬ್ಬರಿಗೆ ಆ ಬಯಲಿನಲ್ಲಿ ಮಕ್ಕಳ ಕಾಲ್ಚೆಂಡಿನ ಅಂಗಳ ಆಗಬೇಕು. ಗೊಬ್ಬರ ಹರಡಿದ ವಾರ ವಾಸನೆಯ ದೂರು. ಬೆಳಿಗ್ಗೆ ಆರಕ್ಕೆ ಟ್ರ್ಯಾಕ್ಟರ್ ಹೊರಟರೆ ನಿದ್ದೆ ಕೆಟ್ಟಿತೆಂಬ ದೂರು. ಜಿಂಕೆ ಬಂದು ಬೀನ್ಸ್ ತಿಂದುಹೋಗದಂತೆ ಎಂಟಡಿ ಬೇಲಿ ಹಾಕಿದರೆ ನೋಟ ಕೆಟ್ಟಿತೆಂದು ಇನ್ನೊಂದು. ಹಳ್ಳಿಯ ಸೊಬಗಿಗೆಂದು ಹಣ ತೆತ್ತು ಬಂದವರು ಹಳ್ಳಿಯ ವಾಸನೆಗೆ ಮೂಗು ಮುಚ್ಚುವುದು ತಮಾಷೆಯಾಗಿ ಕಂಡರೂ, ಸಂಸ್ಥೆ ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅವರ ಮತದಿಂದಲೇ ಹೊಲ ಉಳಿದಿರುವುದು. ಆದ್ದರಿಂದ ಇಂಥ ತೋಟವನ್ನು ನಡೆಸುವವನಿಗೆ ಬೇಸಾಯದ ಅರಿವಿನಷ್ಟೇ ಸಭೆಯಲ್ಲಿ ಕುಳಿತು ಕೇಳಿಸಿಕೊಳ್ಳುವ ತಾಳ್ಮೆಯೂ ಬೇಕಾಗುತ್ತದೆ. ಎರಡೂ ಒಬ್ಬನಲ್ಲಿ ಕೂಡಿಬರುವುದು ಅಪರೂಪ.

ಇನ್ನೂ ಗಂಭೀರವಾದ ಆಕ್ಷೇಪಣೆಗಳು ಎರಡುಂಟು. ಒಂದು ಸುತ್ತಲಿನ ಖಾಸಗಿ ರೈತರದು. ನೆಲ ಊರಿನದು, ದಾನದ ಬೆಂಬಲ ಉಂಟು, ತೆರಿಗೆಯ ರಿಯಾಯಿತಿ ಉಂಟು. ಇವರು ನಮ್ಮೊಡನೆ ಪೈಪೋಟಿಗೆ ಇಳಿದು ಜೋಳದ ತೆನೆಯನ್ನು ಅಗ್ಗಕ್ಕೆ ಮಾರಿದರೆ, ಸಾಲ ಮಾಡಿ ನೆಲ ಹಿಡಿದಿರುವ ನಮ್ಮ ಗತಿಯೇನು ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಪೂರ್ಣ ನ್ಯಾಯವಿದೆ. ಅಂಗಡಿಯಲ್ಲಿ ಮಾರುವ ಬೆಲೆಯನ್ನು ಪೇಟೆಯ ಬೆಲೆಗಿಂತ ಇಳಿಸದಿರುವುದೇ ಇದಕ್ಕೆ ಸರಿಯಾದ ಉತ್ತರವೆಂದು ನನಗೆ ತೋರುತ್ತದೆ. ಅಗ್ಗ ಮಾಡಬೇಕಾದದ್ದು ಬಡವರಿಗೆ, ವೆಸ್ಟನ್ನಿನ ಬಂಗಲೆಯವರಿಗಲ್ಲ.

ಎರಡನೆಯದು ದುಡಿಯುವವರದು. ಇಂಥ ತೋಟಕ್ಕೆ ಬರುವ ತರುಣರು ಹುರುಪಿನವರು, ಓದಿದವರು. ಮೂರು ನಾಲ್ಕು ಋತು ಮೈಮುರಿದು ದುಡಿಯುತ್ತಾರೆ. ಮದುವೆಯಾಗಿ ಮನೆ ಮಾಡಬೇಕೆನ್ನುವ ಹೊತ್ತಿಗೆ, ತಾವು ಉಳುವ ಊರಿನಲ್ಲಿ ಒಂದು ಮನೆಗೆ ಹತ್ತು ಲಕ್ಷ ಡಾಲರಿಗೂ ಮೀರಿದ ಬೆಲೆ ಎಂದು ಕಂಡು ಬುತ್ತಿ ಕಟ್ಟುತ್ತಾರೆ. ಅವರೊಂದಿಗೆ ಆ ನೆಲದ ಪರಿಚಯವೂ ಹೊರಟುಹೋಗುತ್ತದೆ: ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ತಗ್ಗಿಗೆ ಮೊದಲ ಮಂಜು ಬೀಳುತ್ತದೆ ಎಂಬುದು ಕಾಗದದ ಮೇಲೆ ಇರುವುದಿಲ್ಲ. ಗುತ್ತಿಗೆಯ ಅವಧಿ ಚಿಕ್ಕದಾದರೆ ಈ ತೊಂದರೆ ಇಮ್ಮಡಿ. ಮಣ್ಣಿಗೆ ಕಾಂಪೋಸ್ಟ್ ಹಾಕಿ, ಚಳಿಗಾಲಕ್ಕೆ ರೈ ಬಿತ್ತಿ ವಸಂತದಲ್ಲಿ ಮಗುಚಿ ಸತ್ವ ಏರಿಸುವುದು ವರ್ಷಾನುಗಟ್ಟಲೆಯ ಕೆಲಸ. ಮೂರು ವರ್ಷಕ್ಕೆ ಬಿಟ್ಟುಹೋಗಬೇಕಾದ ಹೊಲಕ್ಕೆ ಯಾರು ತಾನೆ ಅಷ್ಟು ಮಾಡುತ್ತಾರೆ? ಊರೊಂದು ನಿಜವಾಗಿ ಬೇಸಾಯ ಬೇಕೆಂದರೆ ನೆಲದ ಜೊತೆಗೆ ಬೇಸಾಯಗಾರನಿಗೆ ಸೂರನ್ನೂ ದೀರ್ಘವಾದ ಗುತ್ತಿಗೆಯನ್ನೂ ಕೊಡಬೇಕು. ಈ ಎರಡಕ್ಕೆ ಹಿಂದೆಮುಂದೆ ನೋಡಿ, ಬದಲಿಗೆ ಸುಂದರವಾದ ನಾಮಫಲಕ ಹಾಕಿಸುವ ಊರುಗಳೇ ಹೆಚ್ಚು.

ಊರಿನ ನೆಲ ಎಂದರೆ ಒಳ್ಳೆಯ ನೆಲ ಎಂದೂ ಭಾವಿಸಬಾರದು. ವೆಸ್ಟನ್ನಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಮೇರಿಯನ್ ಕೇಸ್ ಎಂಬ ಮಹಿಳೆ ೧೯೧೦ರ ಸುಮಾರಿನಿಂದ ಅಲ್ಲಿ ತನ್ನ ಜಮೀನಿನಲ್ಲಿ ಊರಿನ ಹುಡುಗರಿಗೆ ತೋಟದ ಕೆಲಸ ಕಲಿಸುತ್ತಿದ್ದಳು. ೧೯೪೪ರಲ್ಲಿ ಆಕೆ ತೀರಿಕೊಂಡ ಮೇಲೆ ಜಮೀನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆರ್ನಲ್ಡ್ ಸಸ್ಯೋದ್ಯಾನಕ್ಕೆ ಹೋಯಿತು. ಅದರಲ್ಲಿ ನಲವತ್ತೆಕರೆ ಹೊಲವೆಂದು ಹೆಸರಾದ ಭಾಗವನ್ನು ಊರು ೧೯೮೦ರ ದಶಕದಲ್ಲಿ ಕೊಂಡಿತು. ಲ್ಯಾಂಡ್ಸ್ ಸೇಕಿನ ಮುಖ್ಯ ತೋಟ ಇರುವುದು ಅಲ್ಲಿಯೇ. ಉಳಿದ ಭಾಗವನ್ನೂ ಕೊಳ್ಳುವುದೆಂದು ೨೦೦೬ರಲ್ಲಿ ತೀರ್ಮಾನವಾಗಿ, ಮಣ್ಣನ್ನು ಪರೀಕ್ಷಿಸಿದಾಗ ಅದರಲ್ಲಿ ಸೀಸವೂ ಪಾಷಾಣವೂ ಕಂಡುಬಂದುವು. ವ್ಯವಹಾರ ಮುಗಿದು ನೆಲ ಕೈಗೆ ಬರುವ ಹೊತ್ತಿಗೆ ೨೦೧೬ ಆಗಿತ್ತು.

ಆ ವಿಷ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸುಮಾರು ೧೯೫೦ರವರೆಗೆ ಅಮೆರಿಕದ ಸೇಬಿನ ತೋಟಗಳಲ್ಲೆಲ್ಲ ಹುಳು ಕೊಲ್ಲಲು ಸೀಸದ ಪಾಷಾಣವನ್ನು ಧಾರಾಳವಾಗಿ ಎರಚುತ್ತಿದ್ದರು. ಆಗ ಅದು ತಿಳಿವಳಿಕೆಯುಳ್ಳ ತೋಟಗಾರನ ಲಕ್ಷಣವಾಗಿತ್ತು. ಎಲೆ ಉದುರಿತು, ಮರ ಹೋಯಿತು, ತೋಟದ ನೆನಪೂ ಹೋಯಿತು. ಸೀಸ ಕೊಳೆಯುವುದಿಲ್ಲ, ಪಾಷಾಣ ಆವಿಯಾಗುವುದಿಲ್ಲ. ಎರಡೂ ಮೇಲ್ಮಣ್ಣಿನ ಒಂದಡಿಯೊಳಗೆ ಹಾಗೆಯೇ ಕುಳಿತಿರುತ್ತವೆ. ಹಳೆಯ ತೋಟದ ಜಾಗ, ರೈಲುಹಳಿಯ ಪಕ್ಕ, ಬಣ್ಣ ಬಳಿದ ಹಳೆಯ ಮನೆಯ ಬುಡ, ಇಂಥ ಕಡೆಯಲ್ಲಿ ಸೊಪ್ಪು ಗೆಡ್ಡೆ ಬೆಳೆಯುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಹಿತ್ತಲಿನಲ್ಲಿ ನಾಲ್ಕು ಮಡಿ ಮಾಡಿಕೊಂಡಿರುವ ನಿಮಗೂ ಈ ಮಾತು ಸಲ್ಲುತ್ತದೆ.

ಕೊನೆಗೆ ಮಕ್ಕಳ ವಿಷಯ, ಮತ್ತು ಯಾರಿಗಾಗಿ ಈ ಬೆಳೆ ಎಂಬುದು. ಬೇಸಗೆಯ ರಜೆಯಲ್ಲಿ ಊರಿನ ಹುಡುಗ ಹುಡುಗಿಯರು ಕೂಲಿ ಪಡೆದು ತೋಟದಲ್ಲಿ ದುಡಿಯುವ ಪದ್ಧತಿ, ಗ್ರೀನ್ ಪವರ್ ಎಂಬ ಆ ಹಳೆಯ ಹೆಸರಿನಲ್ಲೇ ಮುಂದುವರಿಯಿತು. ಅವರ ಪಾಲಿಗೆ ಮೊದಲು ಬೀಳುವುದು ಗಜ್ಜರಿಯ ಸಾಲು. ಗಜ್ಜರಿ ಬೀಜ ಮೊಳೆಯಲು ಎರಡು ಮೂರು ವಾರ ಬೇಕು. ಅಷ್ಟರೊಳಗೆ ಕಳೆ ಎದ್ದು ಮೆರೆಯುತ್ತಿರುತ್ತದೆ. ಮಂಡಿಯೂರಿ ಕುಳಿತು ಕೂದಲಿನಂಥ ಸಸಿ ಯಾವುದು, ಕಳೆ ಯಾವುದು ಎಂದು ಬೇರ್ಪಡಿಸುತ್ತ ಹೋಗಬೇಕು. ಮೊದಲ ದಿನ ಕಳೆಯೊಂದಿಗೆ ಅರ್ಧ ಗಜ್ಜರಿಯೂ ಕಿತ್ತುಬರುತ್ತದೆ. ಹದಿಮೂರು ವರ್ಷದವರ ಕೈಯಲ್ಲಿ ಬೇಸಾಯ ಮಾಡಿಸಿದರೆ ಅಗ್ಗವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇಲ್ವಿಚಾರಕನ ಅರ್ಧ ದಿನ ಅವರ ಹಿಂದೆಯೇ ಹೋಗುತ್ತದೆ. ಈ ಖರ್ಚನ್ನು ತರಕಾರಿಯ ಬೆಲೆಯ ಮೇಲೆ ಹೇರದೆ, ವಿದ್ಯಾಭ್ಯಾಸದ ಖರ್ಚೆಂದು ಬೇರೆಯಾಗಿ ಬರೆದು, ಶುಲ್ಕದಿಂದಲೋ ದಾನದಿಂದಲೋ ಊರಿನ ಹಣದಿಂದಲೋ ತುಂಬಿಸುವುದೇ ಪ್ರಾಮಾಣಿಕವಾದ ಲೆಕ್ಕ. ಎರಡನ್ನೂ ಕಲಸಿದ ತೋಟಗಳಿಗೆ ಬೆಳೆ ನಷ್ಟ ಯಾವುದು, ಪಾಠದ ಖರ್ಚು ಯಾವುದು ಎಂದು ತಿಳಿಯದೆ ಹೋಗುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಮಕ್ಕಳ ಮೇಲೆ.

ಬಡವರ ಪಾಲಿನ ವಿಷಯದಲ್ಲೂ ಹೀಗೆಯೇ. ಅಂಗಡಿಯಲ್ಲಿ ಸಂಜೆ ಉಳಿದದ್ದನ್ನು ಕಳಿಸುತ್ತೇವೆಂದರೆ, ಬೇಡಿಕೆ ಚೆನ್ನಾಗಿರುವ ವಾರ ಅವರಿಗೆ ಏನೂ ಇಲ್ಲ, ಬಿಸಿಲಿಗೆ ಸೊಪ್ಪು ಬಾಡಿದ ವಾರ ಬಾಡಿದ ಸೊಪ್ಪು. ವೆಸ್ಟನ್ನಿನಲ್ಲಿ ಇದಕ್ಕೆ ಕಂಡುಕೊಂಡ ದಾರಿ ಊರಿನೊಡನೆ ಒಪ್ಪಂದ. ಮಕ್ಕಳ ಕೂಲಿಗೂ ದಾನದ ಬೆಳೆಗೂ ಊರು ಇಂತಿಷ್ಟು ಹಣ ಕೊಡುವುದು. ಸಂಸ್ಥೆ ಅದಕ್ಕೆ ತಕ್ಕಷ್ಟು ತರಕಾರಿಯನ್ನು ನಿರಾಶ್ರಿತರ ತಂಗುದಾಣ, ಅನ್ನದಾನದ ಕೇಂದ್ರಗಳಿಗೆ ಮುಟ್ಟಿಸುವುದು. ಆಗ ಆ ಗಿರಾಕಿಯೂ ಲೆಕ್ಕದ ಪುಸ್ತಕದಲ್ಲಿ ಗಿರಾಕಿಯೇ. ಅವನಿಗಾಗಿ ಏನು ಬಿತ್ತಬೇಕೆಂದು ಫೆಬ್ರವರಿಯಲ್ಲಿ ಬೀಜದ ಪಟ್ಟಿ ಮಾಡುವಾಗಲೇ ಯೋಚಿಸಬೇಕಾಗುತ್ತದೆ: ಒಲೆಯಿಲ್ಲದ ಕೋಣೆಯಲ್ಲಿ ಇರುವವರಿಗೆ ಹಸಿಯಾಗಿ ತಿನ್ನಬಹುದಾದದ್ದು, ದೊಡ್ಡ ಅಡುಗೆಮನೆಗಳಿಗೆ ಎಲೆಕೋಸು ಮತ್ತು ಕುಂಬಳ, ದಕ್ಷಿಣದಿಂದ ಬಂದು ನೆಲೆಸಿದ ಕುಟುಂಬಗಳಿಗೆ ಅವರು ಹೆಸರು ಹಿಡಿದು ಕೇಳುವ ಕೊಲಾರ್ಡ್ ಸೊಪ್ಪು. ಕೊಯ್ಲು ಬೆಳಗಿನ ತಂಪಿನಲ್ಲೇ ಆಗಬೇಕು. ತಣ್ಣೀರಿನಲ್ಲಿ ಅದ್ದಿ ತೆಗೆದ ಸೊಪ್ಪಿನ ಪೆಟ್ಟಿಗೆಗಳು, ಅಂಗಡಿಯ ಬಾಗಿಲು ತೆರೆಯುವುದಕ್ಕ್ಕಿಂತ ಮೊದಲೇ ಗಾಡಿಗೆ ಏರಿ ನಗರದ ಕಡೆ ಹೊರಟಿರಬೇಕು.